ನೀರಿನ ಡಬ್ಬಿಗೆ ಬಂದ ಜಿಂಕೆ

ದೆವ್ವ, ಭೂತ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ಚಹಾಕ್ಕಿಡುವವಳು ನಾನು. ಲಂಡನ್ನಿನ ಎಜ್‌ವೇರ್‌ನ ನಮ್ಮ ಮನೆಗೆ ಬರುವ ಧಾರವಾಡ, ಬೆಳಗಾವಿ ಕಡೆಯ ಮಂದಿಗೆಲ್ಲ ಇದು ಗೊತ್ತು. "ಈಕಿ ಮುಂದ ಹೇಳಬ್ಯಾಡ್ರಿ, ನಗತಾಳ" ಎಂದು ಅವರೇ ದನಿ ತಗ್ಗಿಸುತ್ತಿದ್ದರು. ನಗುತ್ತಿದ್ದದ್ದು ನಿಜ. ಕೆಮಿಸ್ಟ್ರಿ ಓದಿದವಳು ನಾನು. ವಾಸನೆಯೆಂದರೆ ಗಾಳಿಯಲ್ಲಿ ತೇಲಿ ಬಂದು ಮೂಗಿಗೆ ತಾಗುವ ವಸ್ತು, ವಸ್ತುವಿಲ್ಲದೆ ವಾಸನೆಯಿಲ್ಲ ಎಂದು ನಂಬಿದವಳು. ಈಗಲೂ ಹಾಗೇ ನಂಬುತ್ತೇನೆ. ಆದರೆ ಒಂದು ಸಂಜೆಯದು ಮಾತ್ರ ಇನ್ನೂ ತಲೆಗೆ ಹತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ನಂಬಿಕೆ ಬರದಿದ್ದರೆ ನೀವೂ ಎದ್ದು ಚಹಾಕ್ಕಿಡಿ, ನನಗೇನೂ ಬೇಜಾರಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಹೇಸ್‌ನ ಗೋದಾಮುಗಳ ನಡುವಿನ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಬಾತ್‌ರೂಮಿನಲ್ಲಿ, ಕಾರಿನಲ್ಲಿ ಇಡುವ ಸುವಾಸನೆಯ ಡಬ್ಬಿಗಳನ್ನು ಅಲ್ಲಿ ಮಾಡುತ್ತಿದ್ದರು. ಹೊಸ ವಾಸನೆ ತಯಾರಾದಾಗಲೆಲ್ಲ ಮೂಸಿ ನೋಡಿ, ಇದು ಹೌದು, ಇದು ಅಲ್ಲ ಎನ್ನಬೇಕಾದವಳು ನಾನು. ಮೂಗೇ ನನಗೆ ಅನ್ನ ಹಾಕುತ್ತಿತ್ತು. ಆ ಬೇಸಿಗೆಯಲ್ಲಿ ಒಂದು ಜ್ವರ ಬಂದು ಅದನ್ನೇ ಕಿತ್ತುಕೊಂಡು ಹೋಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಸಾರು ಕುದಿದರೂ ಇಲ್ಲ, ಹಾಲು ಉಕ್ಕಿ ಸೀದರೂ ಇಲ್ಲ. ಕಾದು ನೋಡೋಣ ಎಂದರು ಜಿಪಿ, ಅಂದರೆ ನಮ್ಮ ಡಾಕ್ಟರು. ಮ್ಯಾನೇಜರ್ ಒಳ್ಳೆಯವನೇ. ಚಳಿಗಾಲದವರೆಗೆ ನೋಡೋಣ, ಆಗದಿದ್ದರೆ ಪ್ಯಾಕಿಂಗ್‌ಗೆ ಹೋಗು ಎಂದ.

ಕೆಲಸಕ್ಕಿಂತ ಹೆಚ್ಚು ಸಂಕಟಪಟ್ಟದ್ದು ಅವ್ವನ ವಿಷಯಕ್ಕೆ. ನನ್ನ ಮಗಳು ಮೇಘಾ ಹುಟ್ಟಿದಾಗ ಬಾಣಂತನ ಮಾಡಲು ಧಾರವಾಡದಿಂದ ಅವ್ವ ಬಂದಿದ್ದಳು. ಸೂಟ್‌ಕೇಸಿನ ತುಂಬ ಅಂಟಿನುಂಡಿ, ಕೊಬ್ಬರಿ, ಒಂದು ಪೊಟ್ಟಣ ಲೋಬಾನ. ಬಾಣಂತಿಗೆ ತಲೆಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕದೆ ಬಿಡುವುದುಂಟೇ? ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಹಳೆ ಬಾಣಲೆಗೆ ಕೆಂಡ ಹಾಕಿ, ಬಟ್ಟೆಯ ಬೆತ್ತದ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ನನ್ನ ಕೂದಲನ್ನು ಹರಡಿದಳು. ಸ್ಮೋಕ್ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ನನ್ನ ಗಂಡ ಕುರ್ಚಿ ಹತ್ತಿ ಪೇಪರಿನಿಂದ ಬೀಸುತ್ತಿದ್ದರೆ ಅವ್ವ ಅಲಾರಮಿಗೇ ಬೈದಳು: "ಯಾಕ ಹಿಂಗ ಒದರಾಕತ್ತೈತಿ ಇದು? ಬಾಣಂತಿ ತಲಿ ಒಣಗಸೂದು ನೋಡಿಲ್ಲೇನು ಈ ಊರಾಗ?"

ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು ಕೂಸಿಗೆ ಸುತ್ತುವ ಬಟ್ಟೆಯನ್ನೂ ಮಾಡಿದಳು. ಹೊಸ ಬಟ್ಟೆ ಕೂಸಿಗೆ ಚುಚ್ಚುತ್ತದಂತೆ. ಊರಿಗೆ ಹೋದ ಮರುವರ್ಷವೇ ತೀರಿಕೊಂಡಳು. ಆ ಸೀರೆಯ ಒಂದು ತುಂಡು ನನ್ನ ಬ್ಯಾಗಿನಲ್ಲಿ ಉಳಿಯಿತು. ಮೂಗಿಗೆ ಹಿಡಿದರೆ ಲೋಬಾನ, ಅದರ ಹಿಂದೆಯೇ ಅವ್ವ. ಜ್ವರದ ನಂತರ ಅದು ಬರೀ ಬಟ್ಟೆಯಾಯಿತು. ಮೇಘಾ ಅದರ ಮೇಲೆ ಜ್ಯೂಸ್ ಚೆಲ್ಲಿದಾಗ, ಇನ್ನೇನು ಉಳಿದಿದೆ ಇದರಲ್ಲಿ ಎಂಬ ಸಿಟ್ಟಿಗೆ ಕುದಿಯುವ ನೀರಿನಲ್ಲಿ ಹಾಕಿ ಒಗೆದುಬಿಟ್ಟೆ. ಆಮೇಲೆ ಬಚ್ಚಲಲ್ಲೇ ಕೂತು ಅತ್ತೆ.

ಶರತ್ಕಾಲದಲ್ಲಿ ಕಂಪನಿಗೆ ಹೊಸ ಕೆಲಸ ಬಂತು. ಎಜ್‌ವೇರ್‌ನ ಆಚೆ ಒಂದು ಖಾಸಗಿ ಕಾಡು. ಅಲ್ಲಿನ ಜಿಂಕೆಗಳು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತಿದ್ದವು. ಅವನ್ನು ಕಾಡಿನ ಒಳಗೇ ಸೆಳೆಯುವಂಥ ವಾಸನೆ ಬೇಕು, ಅದನ್ನು ನಿಧಾನಕ್ಕೆ ಬಿಡುವ ಡಬ್ಬಿ ಬೇಕು. "ಮೂಸುವುದು ಜಿಂಕೆಯ ಕೆಲಸ, ನಿನ್ನದಲ್ಲ" ಎಂದು ಮ್ಯಾನೇಜರ್ ನನ್ನನ್ನು ಕೀತ್ ಜೊತೆ ಕಳಿಸಿದ. ಕೀತ್ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಬಲು ಚುರುಕು ಮೂಗಿನವನು.

ಕಾಡಿಗೆ ಹೋಗುವ ಮುಂಚೆ ನಮ್ಮ ಮೈ ಯಾವ ವಾಸನೆಯನ್ನೂ ಸೂಸಬಾರದು. ಸೋಪಿಲ್ಲ, ತಲೆಗೆಣ್ಣೆಯಿಲ್ಲ, ಮನೆಯಲ್ಲಿ ಒಗ್ಗರಣೆಯೂ ಬಂದ್. "ಜಿಂಕಿ ಸಲುವಾಗಿ ನಾ ಎಷ್ಟು ದಿನ ಮೊಸರನ್ನ ತಿನ್ನಲಿ?" ಎಂದು ನನ್ನ ಗಂಡ ಗೊಣಗುತ್ತಿದ್ದರು. ಬತ್ತಿಯಿಟ್ಟ ಡಬ್ಬಿಗಳನ್ನು ಜಿಂಕೆಯ ಮೂಗಿನ ಎತ್ತರಕ್ಕೆ ಮರಗಳಿಗೆ ಕಟ್ಟುತ್ತಿದ್ದೆವು. ಒಂದರಲ್ಲಿ ಸೇಬು, ಒಂದರಲ್ಲಿ ಓಕ್ ಕಾಯಿ, ಹೀಗೆ. ಕೊನೆಯದರಲ್ಲಿ ಬರೀ ನೀರು. ಜಿಂಕೆಗಳು ಬರುವುದು ವಾಸನೆಗೋ, ಇದೇನಪ್ಪಾ ಹೊಸ ಡಬ್ಬಿ ಎಂಬ ಕುತೂಹಲಕ್ಕೋ ಎಂದು ತಿಳಿಯಲು. ಅಲ್ಲಿಯವರೆಗೆ ನೀರಿನ ಡಬ್ಬಿಯನ್ನು ಒಂದೂ ಮೂಸಿರಲಿಲ್ಲ. ಸೇಬಿನದಕ್ಕೇ ಎಲ್ಲವೂ ಮುತ್ತುತ್ತಿದ್ದವು.

ಆ ದಿನ ಕೀತ್ ಡಬ್ಬಿ ಕಟ್ಟುವ ದಾರವನ್ನು ಹೇಸ್‌ನಲ್ಲೇ ಮರೆತು ಬಂದಿದ್ದ. ಹೊತ್ತು ಇಳಿಯುತ್ತಿತ್ತು. ನನ್ನ ಬ್ಯಾಗಿನಲ್ಲಿದ್ದ ಬಟ್ಟೆಯೆಂದರೆ ಅವ್ವನ ಸೀರೆಯ ಆ ತುಂಡೊಂದೇ. ಅದನ್ನೇ ಪಟ್ಟಿಪಟ್ಟಿಯಾಗಿ ಹರಿದೆ. ಕೀತ್ ಒಂದೊಂದೇ ಪಟ್ಟಿಯನ್ನು ಮೂಸಿ ನೋಡಿ, ಏನೂ ಇಲ್ಲ, ಕಟ್ಟು ಎಂದ. ಎಲ್ಲ ಡಬ್ಬಿಗಳನ್ನೂ ಅದೇ ಸೀರೆಯಿಂದ ಕಟ್ಟಿದೆ. ನೆನಪಿಡಿ, ಎಲ್ಲವನ್ನೂ.

ಗಾಳಿಗೆದುರಾಗಿ, ಬಿದ್ದ ಮರವೊಂದರ ಹಿಂದೆ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಮರಿಯೊಂದಿಗೆ ಬಂತು. ಸೇಬಿನ ಡಬ್ಬಿಯ ಪಕ್ಕದಲ್ಲೇ ಹಾದುಹೋಯಿತು, ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹೋಗಿ ನೀರಿನ ಡಬ್ಬಿಗೆ ಮೂಗು ಹಚ್ಚಿ ನಿಂತಿತು. ಇದೇನು ಹೊಸದು ಎಂದುಕೊಳ್ಳುವಷ್ಟರಲ್ಲಿ ನನಗೆ ಲೋಬಾನದ ವಾಸನೆ ಬಂತು.

ನೆನಪು ಬಂತು ಎನ್ನುತ್ತಿಲ್ಲ, ವಾಸನೆ ಬಂತು. ಕೆಂಡದ ಕಾವು, ಒದ್ದೆ ಕೂದಲು, ಸೀಗೆಕಾಯಿ, ಅವ್ವನ ಸೆರಗು ಎಲ್ಲ ಸೇರಿ, ಎದೆ ತುಂಬ. ತಿಂಗಳುಗಟ್ಟಲೆ ಸತ್ತೇಹೋಗಿದ್ದ ಮೂಗು ನನ್ನದು! ಕೀತ್‌ನ ತೋಳು ಹಿಡಿದು, ಹೊಗೆ ವಾಸನೆ ಬರುತ್ತಿದೆಯಾ ಎಂದು ಪಿಸುಗುಟ್ಟಿದೆ. ಒದ್ದೆ ಎಲೆಯ ವಾಸನೆ ಬಿಟ್ಟರೆ ಏನೂ ಇಲ್ಲ ಎಂದ. ಹೊಗೆ ಸುಳಿದರೆ ಸಾಕು, ಓಟ ಕೀಳುವ ಜಾತಿ ಜಿಂಕೆಯದು. ಓಡಲಿಲ್ಲ. ಮರಿ ತಾಯಿಯ ಕಾಲ ಬುಡದಲ್ಲಿ ಮಲಗಿತು. ತಾಯಿ ಕಣ್ಣು ಅರೆ ಮುಚ್ಚಿ ನಿಂತೇ ಇತ್ತು. ನಾನು ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದೆ. ಆಮೇಲೆ ಜಿಂಕೆಗಳು ಹೋದವು, ವಾಸನೆಯೂ ಹೋಯಿತು. ಡಬ್ಬಿ ಬಿಚ್ಚಿ ನೋಡಿದರೆ ನೀರು, ಬರೀ ನೀರು.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಮೆಲ್ಲಗೆ, "ಅದು ನಿನ್ನ ತಲ್ಯಾಗಿಂದ ಬಂದಿದ್ದು, ಕಾಡಿಂದಲ್ಲ" ಎಂದರು.

"ಹಂಗಾದ್ರ ಆ ಜಿಂಕಿ ತಲ್ಯಾಗೂ ನಮ್ಮವ್ವ ಇದ್ದಳೇನ್ರೀ?" ಎಂದೆ. ಅವರು ಎದ್ದು ಹೋಗಿ ಚಹಾಕ್ಕಿಟ್ಟರು.

ಮುಂದೆ ಎಷ್ಟು ಸಲ ಕಟ್ಟಿದರೂ ನೀರಿನ ಡಬ್ಬಿಯ ಹತ್ತಿರ ಒಂದು ಜಿಂಕೆಯೂ ಸುಳಿಯಲಿಲ್ಲ. ನನಗೆ ಮಾತ್ರ ಒಂದೊಂದೇ ವಾಸನೆ ಮರಳಿತು. ಮೊದಲು ಚಹಾ, ಆಮೇಲೆ ಇಂಗು, ಚಳಿಗಾಲದ ಹೊತ್ತಿಗೆ ಕೆಲಸವೂ ಉಳಿಯಿತು. ಇಂಥ ಜ್ವರದ ನಂತರ ಹೀಗಾಗುವುದುಂಟು ಎಂದರು ಜಿಪಿ. ಒಪ್ಪಿದೆ. ಆದರೆ ಲೋಬಾನ ಮಾತ್ರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆ ಸಂಜೆ ನನ್ನ ಪಾಲಿನದನ್ನೆಲ್ಲ ಒಮ್ಮೆಗೇ ಕೊಟ್ಟು ಮುಗಿಸಿದಳೇನೋ ಅವ್ವ. ಗೊತ್ತಿಲ್ಲ.

ಈಗ ಪ್ರತಿ ದೀಪಾವಳಿಗೆ ಮೇಘಾಳ ತಲೆಗೆ ಎರೆದು ಲೋಬಾನ ಹಾಕುತ್ತೇನೆ. ಅಲಾರಂ ತಪ್ಪದೆ ಒದರುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಕೂದಲು ಹರಡಿ ಕೂತು ಕಣ್ಣು ಮುಚ್ಚುತ್ತಾಳೆ. ನನಗೆ ಹೊಗೆ ಕಾಣುತ್ತದೆ, ಕಣ್ಣು ಉರಿಯುತ್ತದೆ, ಅಷ್ಟೇ.

"ಹೆಂಗೈತಿ ವಾಸನಿ?" ಎಂದು ಕೇಳುತ್ತೇನೆ.

"ನೈಸ್, ಅಮ್ಮಾ."

"ನೈಸ್ ಅಂದ್ರ ಹೆಂಗ? ಸರಿಯಾಗಿ ಹೇಳು."

ಅವಳು ಹೊಗೆಯೊಳಗೆ ಮುಖ ಹಾಕಿ, ಉಸಿರೆಳೆದುಕೊಂಡು, ನನಗಾಗಿ ಇನ್ನೊಮ್ಮೆ ಮೂಸುತ್ತಾಳೆ.