ಡ್ರಮ್ಮಿನ ತಳದ ಉಪ್ಪು

ನನ್ನ ಅಣ್ಣನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಯಾವುದೂ ಇಲ್ಲ. ಹಾಗಂತ ಅವನೇ ಹೇಳುತ್ತಾನೆ. ಹಾರವಾಡದ ನಮ್ಮ ಮನೆಯ ಹಿಂದೆ ಬಂಗಡೆಗೆ ಉಪ್ಪು ಹಾಕಿಡುವ ಡ್ರಮ್ಮಿದೆ. ಮಳೆಗಾಲದಲ್ಲಿ ದೋಣಿ ದಡ ಹತ್ತಿದ ಮೇಲೆ ಅತ್ತಿಗೆ ಆ ಉಪ್ಪುಬಂಗಡೆಯನ್ನು ಅಂಕೋಲೆ ಪೇಟೆಯಲ್ಲಿ ಮಾರಿ ಮನೆ ನಡೆಸುತ್ತಾಳೆ. ಅಣ್ಣ ಜಗಲಿಯಲ್ಲಿ ಕೂತು ದೇಶ ನಡೆಸುತ್ತಾನೆ.

ಕೆಲವು ವರ್ಷಗಳಿಂದ ಮೀನಿನ ಮೇಲೆ ತಿಳಿಗೆಂಪು ಅಂಟು ಕಾಣಿಸಿಕೊಂಡು, ನಾತ ಹೊಡೆದು, ಗಿರಾಕಿಗಳು ಮೂಗು ಮುರಿಯತೊಡಗಿದ್ದರು. ಅಣ್ಣ ತಕ್ಷಣ ಕಾರಣ ಕಂಡುಹಿಡಿದ: ಅತ್ತಿಗೆ ಮುಟ್ಟಾದಾಗ ಡ್ರಮ್ಮು ಮುಟ್ಟಿದ್ದಾಳೆ. ಇಲ್ಲವೆಂದು ಅವಳು ಪ್ರತಿ ವರ್ಷವೂ ಅತ್ತಳು. ಎಂಥ ವಿಜ್ಞಾನಿ ನಮ್ಮಣ್ಣ!

ನಾನು ಕಾರವಾರದಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವಳು. ಉಪ್ಪಿನಲ್ಲೇ ಬೆಳೆಯುವ ಜೀವಿಗಳಿವೆ, ಹರಳುಪ್ಪಿನ ಜೊತೆಗೇ ಬರುತ್ತವೆ, ಆ ಕೆಂಪು ಅವುಗಳದೇ. ಹಳೆಯ ಉಪ್ಪು ಚೆಲ್ಲಿ ಡ್ರಮ್ಮನ್ನು ಸಿಹಿನೀರಿನಲ್ಲಿ ತೊಳೆ ಎಂದು ಅಣ್ಣನಿಗೆ ಹೇಳಿದೆ. ಅಂಥವನ್ನು ಬಾಹ್ಯಾಕಾಶಕ್ಕೂ ಕಳಿಸಿ ನೋಡಿದ್ದಾರೆ, ಅಲ್ಲೂ ಕೆಲವು ಸತ್ತಿಲ್ಲ ಎಂದೆ.

“ರಾಕೆಟ್ಟಲ್ಲಿ ಹೋದದ್ದು ನಮ್ಮ ಡ್ರಮ್ಮಿಗೆ ಹ್ಯಾಂಗೆ ಬಂತೇ? ಬಸ್ಸಲ್ಲಾ?” ಎಂದು ಅಣ್ಣ ನಕ್ಕ. “ಉಪ್ಪು ಅಂದ್ರೆ ಲಕ್ಷ್ಮಿ. ಚೆಲ್ಲೂಕಾಗುದಿಲ್ಲ. ಕಡಿಮೆ ಬಿದ್ದದೆ, ಇನ್ನಷ್ಟು ಹಾಕುದು.”

ಕಾಲಿಗೆ ಸಿಗುವಲ್ಲಿ ನಮ್ಮವರು ಉಪ್ಪು ಚೆಲ್ಲುವುದಿಲ್ಲ, ನಿಜ. ಹಾಗಾಗಿ ತಳದ ಉಪ್ಪು ತಳದಲ್ಲೇ ಉಳಿದು, ವರ್ಷವರ್ಷವೂ ಮೇಲೆ ಹೊಸದು ಬೀಳುತ್ತಿತ್ತು. ಆ ಜೀವಿಗಳಿಗೆ ಇಂಥ ಅನ್ನದಾತ ಇನ್ನೆಲ್ಲಿ ಸಿಗಬೇಕು?

ಕಳೆದ ವರ್ಷ ಅತ್ತಿಗೆಯನ್ನು ದೂರವಿಟ್ಟು ಅಣ್ಣ ತಾನೇ ಉಪ್ಪು ಹಾಕಿದ. ಮಿಂದು, ಮಡಿಪಂಚೆ ಉಟ್ಟು! ಬಂಗಡೆಗೆ! ಮಳೆ ಹಿಡಿಯುವ ಮೊದಲು ಮುಚ್ಚಳ ತೆಗೆದಾಗ ನಾನೂ ಅಲ್ಲೇ ಇದ್ದೆ. ಎಲ್ಲ ಕೆಂಪು. ಈಗಲಾದರೂ ಬಾಯಿ ಮುಚ್ಚುತ್ತಾನೆ ಅಂದುಕೊಂಡೆ. ಅವನು ಸುತ್ತ ನೋಡಿ, ಆಗಷ್ಟೇ ದೊಡ್ಡವಳಾಗಿದ್ದ ಮಗಳ ಕಡೆ ಬೆರಳು ತೋರಿಸಿದ.

“ಇವಳೇ ಹತ್ರ ಬಂದಿರ್ಬೇಕು.”

ನನಗೆ ಅವನ ಮೇಲೆ ಹೇಸಿಗೆಯೇ ಬಂತು. ಹುಡುಗಿ ತಲೆ ತಗ್ಗಿಸಿದಳು. ತನ್ನ ಮೇಲೆ ಅಪವಾದ ಬಂದಾಗಲೆಲ್ಲ ಅಳುತ್ತಿದ್ದ ಅತ್ತಿಗೆ ಈ ಸಲ ಅಳಲಿಲ್ಲ. ಡ್ರಮ್ಮನ್ನು ಎರಡೂ ಕೈಯಲ್ಲಿ ದೂಡಿ ಅಂಗಳಕ್ಕೆ ಮಗುಚಿದಳು. ಉಪ್ಪು, ಮೀನು, ಕೆಂಪು ನೀರು ಅಣ್ಣನ ಕಾಲಬುಡಕ್ಕೆ ಹರಿಯಿತು. ಅದರ ಮೇಲೇ ನಡೆದು ಹೋಗಿ ಮಗಳ ಕೈ ಹಿಡಿದಳು.

“ಲಕ್ಷ್ಮಿ ತುಳ್ದದ್ದು ನಾನು,” ಎಂದಳು. “ಹುಡ್ಗಿ ಸುದ್ದಿಗೆ ಬರ್ಬೇಡಿ.”