ಬಾಗಿಲ ಮೇಲಿನ ಮಾತು

ಅಂಗಡಿಗೂ ಪ್ರಾರ್ಥನಾಲಯಕ್ಕೂ ಇರುವ ಒಂದು ಸಾಮ್ಯವನ್ನು ನೀವೂ ಗಮನಿಸಿರಬಹುದು: ಎರಡಕ್ಕೂ ಬಾಗಿಲ ಮೇಲೊಂದು ಬರಹ ಬೇಕು. ಅಂಗಡಿಯವನು ಒಳಗೆ ಏನು ಸಿಗುತ್ತದೆಂದು ಬರೆಸುತ್ತಾನೆ. ನಾವು ಕ್ರೈಸ್ತರು ಒಳಗೆ ಏನು ಸಿಗಬೇಕಿತ್ತೆಂದು ಬರೆಸುತ್ತೇವೆ.

ದಿನಚರಿಯ ಚಟವಿರುವ ನಾನು, ಹೋದ ಊರಿನ ಪ್ರಾರ್ಥನಾಲಯದ ಧ್ಯೇಯವಾಕ್ಯವನ್ನು ತಾರೀಖು ಸಮೇತ ಇಳಿಸಿಕೊಂಡು ಬರುತ್ತೇನೆ. ಆಳಂದದಲ್ಲಿ ಕಂಡದ್ದು ‘ಸೇವೆಯೇ ನಮ್ಮ ಸಾಕ್ಷಿ’. ಅಫಜಲಪುರದ ಕಡೆಯದು ‘ಕತ್ತಲೆಗೊಂದು ದೀಪ’. ಎಣ್ಣೆಯ ಅಭಾವದಿಂದ ಅಲ್ಲಿ ಸಂಜೆಯ ಪ್ರಾರ್ಥನೆ ನಿಂತೇ ಹೋಗಿತ್ತು. ನಮ್ಮ ಜೇವರ್ಗಿಯದು ‘ಇಲ್ಲಿ ಬಂದವರಾರೂ ಪರಕೀಯರಲ್ಲ’. ಇದನ್ನು ಮಾತ್ರ ನಾನು ಇಳಿಸಿಕೊಳ್ಳಬೇಕಾಗಿರಲಿಲ್ಲ, ಬರೆದವನೇ ನಾನು. ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ಗೋಡೆಗೆ ಸುಣ್ಣ ಬಳಿದು, ಹಿರಿಯರ ಸಭೆ ಆರಿಸಿದ ಹೊಸ ವಾಕ್ಯವನ್ನು ನೀಲಿಯಲ್ಲಿ ಬರೆಯುವುದು ನಮ್ಮ ಪದ್ಧತಿ. ಅಕ್ಷರ ದುಂಡಗಿದೆಯೆಂಬ ಒಂದೇ ಯೋಗ್ಯತೆಯಿಂದ ನಾನು ಏಣಿ ಹತ್ತುತ್ತಿದ್ದೆ. ಕೆಳಗೆ ಏಣಿ ಹಿಡಿಯುತ್ತಿದ್ದವರು ಬಡಿಗ ಮಹಬೂಬ್ ಸಾಬರು. ಆ ಬಾಗಿಲನ್ನು ಮಾಡಿದವರೂ ಅವರೇ.

ಬಾಗಿಲಿಗೆ ಬೀಗಗಳು ಎರಡು. ಹಿಂದೊಮ್ಮೆ ಕಾಣಿಕೆಯ ತಟ್ಟೆ ಕಳವಾದಂದಿನಿಂದ ಒಂದರ ಕೀಲಿ ಹಿರಿಯರಾದ ಸಾಮುವೇಲಪ್ಪನವರಲ್ಲಿ, ಇನ್ನೊಂದರದು ಹಿರಿಯರಾದ ಯೋಹಾನಪ್ಪನವರಲ್ಲಿ. ದೇವರ ಮೇಲೆ ಇಬ್ಬರಿಗೂ ಅಚಲ ವಿಶ್ವಾಸ. ಒಬ್ಬರ ಮೇಲೊಬ್ಬರಿಗೆ ಅಷ್ಟಿರಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ರಜಾಕಾರರಿಗೆ ಅಂಜಿ ಅಂದೋಲಾದ ಒಂದು ಒಕ್ಕಲು ಮನೆತನ ಗಡಿಯಾಚೆಯ ಸೊಲ್ಲಾಪುರದ ದಾರಿ ಹಿಡಿದು, ನಮ್ಮಲ್ಲಿ ಒಂದು ರಾತ್ರಿಯ ಆಸರೆ ಕೇಳಿತು. ಸರಕಾರಕ್ಕೆ ಅಂಜಿ ನಾವು ಬಾಗಿಲು ತೆರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಹಿಂದುಸ್ಥಾನದ ದಂಡು ಬಂದು ಸರಕಾರವೇ ಬದಲಾಯಿತು, ಅಂಜುವ ಸರದಿಯೂ ಬದಲಾಯಿತು. ರಜಾಕಾರರ ಮೇಲಿನ ಸೇಡಿಗೆ ಒಂದು ಮಧ್ಯಾಹ್ನ ಮಹಬೂಬ್ ಸಾಬರ ಓಣಿಗೆ ಬೆಂಕಿ ಬಿತ್ತು. ಅವರು ಹೆಂಡತಿ ಅಮೀನಾಬಿಯನ್ನು ಕರೆದುಕೊಂಡು ನಮ್ಮ ಮೆಟ್ಟಿಲ ಮೇಲೆ ಬಂದು ಕುಳಿತರು.

“ನಂದೇನೂ ಅಡ್ಡಿ ಇಲ್ರಿ ಸಾಬ್,” ಎಂದರು ಸಾಮುವೇಲಪ್ಪನವರು. “ಆದ್ರ ಯೋಹಾನಪ್ಪನ ಕೀಲಿ ಬೇಕಲ್ರಿ.”

ಯೋಹಾನಪ್ಪನವರು ಬಂದವರೇ ದೂರ ನಿಂತರು. “ಸಭಾ ಕೂಡದಽ ಬಾಗ್ಲಾ ತೆಗಿಯೂದು ನೇಮ ಅಲ್ರಿ.”

ಸಭೆ ಬೇವಿನ ನೆರಳಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂಡಿತು. ತೆರೆಯಿರಿ ಎಂದು ನಾನು ವಾದಿಸಿದೆ. ನನಗಿಂತ ಹಿರಿಯರಾದ ಎಲ್ಲರೂ ಕೆಮ್ಮಿದರು. ಆಳಂದಕ್ಕೆ ಹೋದ ಪಾದ್ರಿಗಳು ಮರಳಿದ ಮೇಲೆ ಅವರನ್ನು ಕೇಳುವುದೆಂದು ಠರಾವಾಯಿತು. ಈ ನಡುವೆ ಅಕ್ಷರ ಬಾರದ ಅಮೀನಾಬಿ ತಲೆಯೆತ್ತಿ ಕೇಳಿದಳು:

“ತಮ್ಮಾ, ಮ್ಯಾಲ ಏನ್ ಬರದೀಯೋ?”

ಓದಿ ಹೇಳಿದೆ.

“ಛಲೋ ಅದ. ನಮ್ಮವ್ರು ಏಣಿ ಹಿಡದಿದ್ದು ಇದಕ್ಕೇನು?” ಎಂದಳು.

ಅಷ್ಟರಲ್ಲಿ ಸುದ್ದಿ ತಿಳಿದ ನಮ್ಮವ್ವ ಹೊಲದಿಂದ ನೇರವಾಗಿ ಬಂದಳು. ಹಿರಿಯರ ಕಡೆಗೆ ನೋಡಲೂ ಇಲ್ಲ. “ಏಳ್ ಬೇ ಅಮೀನಾ, ಇಲ್ಲೇನ್ ಕುಂತಿ? ನಮ್ಮನಿಗಿ ನಡಿ. ಸಾಬ್, ನೀವೂ ಏಳ್ರಿ,” ಎಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದಳು. ನಮ್ಮದು ಒಂದೇ ಅಂಕಣದ ಮನೆ, ಬಾಗಿಲಿಗೆ ಬಿದಿರಿನ ತಟ್ಟಿ. ಸಂಜೆಗೆ ಬಡಿಗೆ ಹಿಡಿದವರು ಹುಡುಕುತ್ತ ಬಂದಾಗ ಅವ್ವ ತಟ್ಟಿಗೆ ಅಡ್ಡ ಕುಳಿತು ಜೋಳ ಕೇರುತ್ತಿದ್ದಳು.

“ಒಳಗ ಬಾಣಂತಿ ಅದಾಳ. ಗಂಡಸರು ಇಣುಕ್ತೀರೇನಲೇ? ನಿಮ್ಮವ್ವ ಇದನ್ನಽ ಕಲಿಸ್ಯಾಳೇನು?”

ಅವರು ತಲೆ ತಗ್ಗಿಸಿ ಹೋದರು. ನಮ್ಮ ಮನೆಯಲ್ಲಿ ಬಾಣಂತಿ ಇರಲಿಲ್ಲ. ಸುಳ್ಳು ಪಾಪವೆಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವನು ನಾನು. ಅಂದು ಒಳಗೆ ಆ ಇಬ್ಬರ ಜೊತೆ ಆ ಪಾಪದ ನೆರಳಿನಲ್ಲೇ ಕುಳಿತಿದ್ದೆ. ಗದ್ದಲ ಅಡಗಿದ ಮೇಲೆ ಅವರು ಗುಲಬರ್ಗಾದ ಬಂಧುಗಳಲ್ಲಿಗೆ ಹೋದರು. ತಿರುಗಿ ಬಂದಿಲ್ಲ.

ಈಗ ಡಿಸೆಂಬರು. ಮಳೆಗೆ ಅಕ್ಷರಗಳು ಮಾಸಿವೆ. ಪದ್ಧತಿಯಂತೆ ಸಭೆ ಹೊಸ ವಾಕ್ಯ ಆರಿಸಿದೆ: ‘ಕಷ್ಟಕಾಲದ ಆಸರೆ’. ಆರಿಸುವಾಗ ಯಾರೂ ನಗಲಿಲ್ಲ. ಏಣಿ ಹಿಡಿಯುವವರಿಲ್ಲವೆಂದು ನಾನು ಒಲ್ಲೆನೆಂದೆ. ಸಿಟ್ಟಿನಲ್ಲಿ ಮನೆಗೆ ಬಂದು, ಹಳೆಯ ವಾಕ್ಯವನ್ನು ನಮ್ಮ ತಟ್ಟಿಯ ಮೇಲಿನ ಗೋಡೆಗೆ ಬರೆಯುತ್ತೇನೆಂದು ಅವ್ವನಿಗೆ ಹೇಳಿದೆ.

“ಬ್ಯಾಡ ಬಿಡಪ್ಪಾ,” ಎಂದಳು, ರೊಟ್ಟಿ ಬಡಿಯುತ್ತಲೇ. “ಇವತ್ತ ಬರೀತಿ, ನಾಳಿಗಿ ಕೀಲಿ ಹಾಕ್ತಿ.”

ಅಂಗಡಿಯಾಗಲಿ ಪ್ರಾರ್ಥನಾಲಯವಾಗಲಿ, ಬಾಗಿಲ ಮೇಲಿನ ಬರಹವನ್ನು ಈಗಲೂ ಓದುತ್ತೇನೆ, ಹಳೆಯ ಚಟ. ಆದರೆ ಮೊದಲು ನೋಡುವುದು ಅದರ ಕೆಳಗಿನ ಬೀಗವನ್ನು.