ಶಿವನಂಜಪ್ಪನವರ ಬೆರಳು

ದೆವ್ವ ಕಂಡೆ, ಸತ್ತವರು ಮಾತಾಡಿದರು ಎನ್ನುವವರ ಕಥೆ ಕೇಳಿದರೆ ನನಗೆ ಆಕಳಿಕೆ ಬರುತ್ತಿತ್ತು. ಇಪ್ಪತ್ತು ವರ್ಷದಿಂದ ನಾನು ಅರಿವಳಿಕೆ ವೈದ್ಯೆ. ಮಂಪರಿನಲ್ಲಿರುವ ತಲೆ ಏನೇನೆಲ್ಲ ಕಟ್ಟುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ. ಒಬ್ಬರು ಆಪರೇಷನ್ ಟೇಬಲ್ ಮೇಲೆ ಮಲಗಿಯೇ ಮಗಳ ಮದುವೆಗೆ ಛತ್ರ ಗೊತ್ತು ಮಾಡಿದ್ದರು. ಇನ್ನೊಬ್ಬರು ನನ್ನನ್ನು ಕಂಡಕ್ಟರ್ ಎಂದುಕೊಂಡು ಗಾಂಧಿನಗರಕ್ಕೆ ಟಿಕೆಟ್ ಕೇಳಿದ್ದರು. ಹಾಗಾಗಿ ಈಗ ಬರೆಯುತ್ತಿರುವುದನ್ನೆಲ್ಲ ನಂಬಿ ಎಂದು ನಾನು ಹೇಳುವುದಿಲ್ಲ. ನನ್ನ ತಪ್ಪಿನ ಭಾಗವನ್ನು ಮಾತ್ರ ನಂಬಿ, ಅದು ಖಂಡಿತ ನಡೆದದ್ದು.

ನನ್ನಂಥವರಿಗೆ ಒಂದೇ ಆಸ್ಪತ್ರೆ ಎಂದು ಇರುವುದಿಲ್ಲ. ಬೆಳಿಗ್ಗೆ ಚಾಮರಾಜಪೇಟೆ, ಮಧ್ಯಾಹ್ನ ಮಲ್ಲೇಶ್ವರ, ಸಂಜೆ ಬಸವನಗುಡಿ, ಹೀಗೆ ಸರ್ಜನ್ ಕರೆದ ಕಡೆಗೆ ಸ್ಕೂಟರಿನಲ್ಲಿ ಓಡುತ್ತೇವೆ. ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಶಿವನಂಜಪ್ಪ ಎಂಬ ಹಿರಿಯರನ್ನು ಕರೆತಂದರು. ಪೇಟೆಯಲ್ಲಿ ಪಾತ್ರೆ ವ್ಯಾಪಾರ, ಎಪ್ಪತ್ತು ದಾಟಿದ ವಯಸ್ಸು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಇಂಥ ಆಪರೇಷನ್ನಿಗೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತೇವೆ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಎದೆಯ ಮೇಲೆ ಒಂದು ಹಸಿರು ಪರದೆ, ಕೈ ಚಾಚಿ ಇಡಲು ಪಕ್ಕದಲ್ಲಿ ಒಂದು ಹಲಗೆ. ಕೈ ಎತ್ತಿ ಪರದೆ ಮುಟ್ಟಿದರೆ ಸರ್ಜನ್ನಿನ ಮಡಿ ಕೆಡುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತಿದ್ದೆ, "ಕೈ ಎತ್ಬೇಡಿ. ನೋವಾದ್ರೆ ಬೆರಳಲ್ಲಿ ಹಲಗೆ ತಟ್ಟಿ, ನಾನಿಲ್ಲೇ ಇರ್ತೀನಿ."

ಅವತ್ತು ಮಲ್ಲೇಶ್ವರದಲ್ಲಿ ಇನ್ನೊಂದು ಕೇಸು ಕಾಯುತ್ತಿತ್ತು. ಔಷಧಿ ಸರಿಯಾಗಿ ಹಿಡಿದಿದೆಯೇ ಎಂದು ಪೂರ್ತಿ ಪರೀಕ್ಷಿಸುವ ಮೊದಲೇ ಸರ್ಜನ್ "ಶುರು ಮಾಡ್ಲಾ?" ಎಂದರು. ನಾನು "ಮಾಡಿ" ಎಂದುಬಿಟ್ಟೆ. ಚಾಕು ತಗಲಿದ ಕೂಡಲೇ ಶಿವನಂಜಪ್ಪನವರು ಹಲಗೆ ತಟ್ಟಿದರು. "ಅದು ನೋವಲ್ಲ ಯಜಮಾನ್ರೇ, ಒತ್ತಿದ ಹಾಗೆ ಅನ್ಸುತ್ತೆ ಅಷ್ಟೇ" ಎಂದೆ. ಅವರು ಮತ್ತೆ ಮತ್ತೆ ತಟ್ಟಿದರು. ನಿಲ್ಲಿಸಿ ಪೂರ್ತಿ ಮಂಪರು ಕೊಡಬೇಕಿತ್ತು, ಅದಕ್ಕೆ ಇನ್ನೂ ಒಂದು ಗಂಟೆ ಹೋಗುತ್ತಿತ್ತು. ನಾನು ಮಾನಿಟರ್ ಕಡೆ ಮುಖ ತಿರುಗಿಸಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ತಟ್ಟುವುದು ನಿಂತಿತು. ಎಲ್ಲ ಮುಗಿದ ಮೇಲೆ ನೋಡಿದರೆ ಅವರ ಕೆಳತುಟಿಯಲ್ಲಿ ಹಲ್ಲು ನಾಟಿ ರಕ್ತ ಬಂದಿತ್ತು, ಕಣ್ಣೀರು ಹರಿದು ಎರಡೂ ಕಿವಿಯಲ್ಲಿ ನಿಂತಿತ್ತು. "ಮುಗೀತಾ ತಾಯಿ?" ಎಂದರು, ಅಷ್ಟೇ. ನಾನು ಹಾಳೆಯಲ್ಲಿ 'ರೋಗಿ ಆರಾಮವಾಗಿದ್ದರು' ಎಂದು ಬರೆದು ಮಲ್ಲೇಶ್ವರಕ್ಕೆ ಹೋದೆ.

ನಾಲ್ಕು ತಿಂಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು ಎಂದು ಸರ್ಜನ್ ಮಾತಿನ ಮಧ್ಯೆ ಹೇಳಿದರು. ಅದಕ್ಕೂ ಆಪರೇಷನ್ನಿಗೂ ಸಂಬಂಧವಿರಲಿಲ್ಲ. ಆದರೆ ಅವತ್ತಿನಿಂದ ಬೆರಳು ತಟ್ಟಿ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಮರುವರ್ಷ ಒಂದು ಮಧ್ಯಾಹ್ನ ಅದೇ ನರ್ಸಿಂಗ್ ಹೋಮಿನ ಥಿಯೇಟರಿನಲ್ಲಿ ಜಯಮ್ಮ ಎಂಬುವರು ಮಲಗಿದ್ದರು. ಮಾವಳ್ಳಿಯಲ್ಲಿ ಮೆಸ್ ನಡೆಸುವವರು, ಕಾಲಿನ ಗಿಣ್ಣು ಮುರಿದಿತ್ತು. ಬೆನ್ನಿಗೆ ಸೂಜಿ ಕೊಟ್ಟು, ಎರಡೆರಡು ಸಲ ಚಿವುಟಿ ನೋಡಿ, ಭಯ ಇಳಿಯಲೆಂದು ತುಸು ಮಂಪರು ಕೊಟ್ಟಿದ್ದೆ. ಕೆಲಸ ಅರ್ಧವಾಗಿತ್ತು. ಜಯಮ್ಮ ಕಣ್ಣು ತೆರೆದು ಎಡಕ್ಕೆ ತಲೆ ಹೊರಳಿಸಿ ನೋಡಿದರು.

"ಮೇಡಂ, ನಂಗೇನೂ ಆಗ್ತಿಲ್ಲ. ಆ ಯಜಮಾನ್ರನ್ನ ನೋಡಿ. ಆವಾಗ್ಲಿಂದ ಬೆರಳು ತಟ್ತಾನೇ ಇದಾರೆ. ತುಟಿ ಬೇರೆ ಕಚ್ಕೊಂಡಿದಾರೆ, ಪಾಪ."

ಆ ಥಿಯೇಟರಿನಲ್ಲಿ ಇರುವುದು ಒಂದೇ ಟೇಬಲ್. ಎಡಕ್ಕೆ ಖಾಲಿ ಗೋಡೆ. "ಒಂದ್ನಿಮಿಷ ನಿಲ್ಸಿ" ಎಂದು ಸರ್ಜನ್ನಿಗೆ ಹೇಳಿದೆ. ಅವರು ಕೈ ತೆಗೆದರು.

"ಹಾಂ, ಈಗ ತಟ್ಟೋದ್ ನಿಲ್ಸಿದ್ರು" ಎಂದು ಜಯಮ್ಮ ಕಣ್ಣು ಮುಚ್ಚಿದರು.

ಸಂಜೆ ವಾರ್ಡಿನಲ್ಲಿ ಕೇಳಿದರೆ ಅವರಿಗೆ ಏನೂ ನೆನಪಿರಲಿಲ್ಲ. "ಯಾಕ್ ಮೇಡಂ, ಏನಾದ್ರೂ ಕೆಟ್ ಮಾತಾಡ್ಬಿಟ್ನಾ?" ಎಂದು ಸಂಕೋಚಪಟ್ಟರು. ಮಂಪರಿನ ಮಾತು ಎಂದು ತಳ್ಳಿಹಾಕಲು ಎಷ್ಟೋ ಪ್ರಯತ್ನಪಟ್ಟೆ. ಆದರೆ ಅವತ್ತು ಪರದೆಯ ಈಚೆ ಆ ಬೆರಳನ್ನೂ ತುಟಿಯನ್ನೂ ನೋಡಿದವಳು ನಾನೊಬ್ಬಳೇ, ಅದನ್ನು ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ವಾರದ ನಂತರ, ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳೋಣ ಎಂದು ಶಿವನಂಜಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಪಾರ್ವತಮ್ಮ ನಾನು ಯಾರೆಂದು ತಿಳಿದ ಕೂಡಲೇ ಕೈ ಹಿಡಿದುಕೊಂಡರು. "ನೀವೇನಾ ಆ ಡಾಕ್ಟ್ರಮ್ಮ? ಬೆನ್ನಿಗೆ ಸೂಜಿ ಕೊಟ್ಟೋರು ಬಹಳ ಒಳ್ಳೇವ್ರು, ಒಂಚೂರೂ ನೋವಾಗ್ಲಿಲ್ಲ ಅಂತ ನಮ್ಮನೆಯವ್ರು ಹೇಳ್ತಾನೇ ಇದ್ರು. ಆ ಧೈರ್ಯದ ಮೇಲೇ ನಾನೂ ಮಂಡಿ ಆಪರೇಷನ್‌ಗೆ ಒಪ್ಕೊಂಡಿರೋದು. ನೀವೇ ಬರ್ಬೇಕು." ಹೇಳಲು ಬಂದದ್ದನ್ನು ಬಿಟ್ಟು, ಬರ್ತೀನಮ್ಮ ಎಂದೆ.

ಮುಂದಿನ ತಿಂಗಳು ಹೋದೆ. ಮಧ್ಯಾಹ್ನ ಬೇರೆ ಕೇಸು ಒಪ್ಪಿಕೊಳ್ಳಲಿಲ್ಲ. ಸರ್ಜನ್ ಗಡಿಯಾರ ನೋಡಿದರೂ ಕಾದೆ, ಪೂರ್ತಿ ಮರಗಟ್ಟಿದ ಮೇಲೆಯೇ ಚಾಕು ಹಿಡಿಯಲು ಬಿಟ್ಟೆ. ಪಾರ್ವತಮ್ಮನವರಿಗೆ ನೋವಾಗಲಿಲ್ಲ. ಪರದೆಯ ಈಚೆ ಮಲಗಿಕೊಂಡು ಗಂಡನ ವಿಷಯವನ್ನೇ ಹೇಳುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಒಂದು ದಿನವೂ ಸುಳ್ಳು ಹೇಳಿದವರಲ್ಲವಂತೆ. ನಾನು ಹೂಂಗುಟ್ಟುತ್ತಾ ಕೂತಿದ್ದೆ.